ಡಿಫರೆನ್ಷಿಯಲ್ ಸೋರಿದರೆ ಸೀಲಿನದೇ ತಪ್ಪೇ?

‘ಮೊನ್ನೆನೇ ಹೊಸಾ ಸೀಲ್ ಹಾಕೀವ್ರೀ, ಮತ್ತ ಸೋರ್ಲಿಕತ್ತದ!’ ಮಳಖೇಡ, ಸೇಡಂ ಕಡೆ ಹಳೆ ಅಂಬಾಸಿಡರ್ ಇಟ್ಟುಕೊಂಡವರ ಗೋಳು ಇದು. ಬೈಗುಳ ಬೀಳುವುದು ಸೀಲ್ ಮಾರಿದ ಅಂಗಡಿಯವನಿಗೆ. ಪಾಪ, ಎಷ್ಟೋ ಸಲ ತಪ್ಪು ಧೂಳಿನದು.

ಹಿಂದಿನ ಆಕ್ಸಲ್ ಮೇಲೆ ಗಾಳಿಯಾಡಲು ಸಣ್ಣದೊಂದು ಬ್ರೀದರ್ ತೂತಿದೆ. ಕಲ್ಲುಗಣಿ, ಸಿಮೆಂಟಿನ ಧೂಳು ಅದರ ಬಾಯಿ ಮುಚ್ಚಿತೋ, ಓಡಿ ಕಾದ ಡಿಫರೆನ್ಷಿಯಲ್ ಒಳಗೆ ಒತ್ತಡ ಏರಿ ಎಣ್ಣೆ ಪಿನಿಯನ್ ಸೀಲ್ ದಾಟಿ ಬರುತ್ತದೆ. ಮೊದಲು ಆ ತೂತು ಚೊಕ್ಕಾಗಬೇಕು, ಆಮೇಲೆ ಸೀಲು.

ಬರೀ ಕಲೆ ತಾನೆ ಎಂದು ಬಿಟ್ಟರೆ ಎಣ್ಣೆ ಬತ್ತಿ ಕ್ರೌನ್-ಪಿನಿಯನ್ ಹಲ್ಲು ಸವೆದುಹೋಗುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಆ ಜೋಡಿಗೆ ಗುಜರಿ ಅಂಗಡಿ ಅಲೆಯುವುದೇ ಗತಿ.

ಮನೆಯಲ್ಲೇ ಬಿಚ್ಚುವವರು ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿ ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಬೇಕು. ಶಹಾಬಾದ್ ಫರಸಿ ಪೇರಿಸಿ ಅಡಿಗೆ ನುಗ್ಗುವ ಧೈರ್ಯ ಬೇಡ. ಸುಣ್ಣಗಲ್ಲು ಭಾರಕ್ಕೆ ಫಟ್ಟನೆ ಸೀಳೀತು. ಪ್ರೊಪೆಲರ್ ಶಾಫ್ಟ್ ಕಳಚುವ ಮೊದಲು ಫ್ಲೇಂಜಿಗೆ ಗುರುತು, ಪಿನಿಯನ್ ನಟ್ಟಿಗೂ ಗುರುತು. ನಟ್ಟು ಬಿಚ್ಚುವಾಗ ಸುತ್ತು ಎಣಿಸಬೇಕು. ಫ್ಲೇಂಜಿನಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಎಷ್ಟು ಸೀಲ್ ಹಾಕಿದರೂ ಅಷ್ಟೇ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗ್ ಇರುವ ಬದಿ ಒಳಮುಖವಾಗಿ, ಓರೆಯಾಗದಂತೆ ತಟ್ಟಿ ಕೂಡಿಸಬೇಕು. ನಟ್ಟು ಹಳೆಯ ಗುರುತಿಗೇ ನಿಲ್ಲಲಿ. ಪೈಲ್ವಾನಗಿರಿ ತೋರಿಸಿ ಬಿಗಿದರೆ ಬೇರಿಂಗ್ ಊಳಿಡುತ್ತದೆ.

ಕಡೆಗೆ ಗಾಡಿ ಸಮನೆಲದಲ್ಲಿ ನಿಲ್ಲಿಸಿ, 90ರ ಹೈಪಾಯ್ಡ್ ಎಣ್ಣೆ ಭರ್ತಿ ತೂತಿನ ಅಂಚು ಮುಟ್ಟುವವರೆಗೆ ಹಾಕಿದರೆ ಸಾಕು.