ಜಿದ್ದಾದಿಂದ ಬಂದ ಪೊಟ್ಟಣ

ಉಳ್ಳಾಲದಲ್ಲಿ ನಮ್ಮ ನೆರೆಮನೆಯ ಕಾಕ ಜಿದ್ದಾದಿಂದ ರಜೆಗೆ ಬಂದರೆ ಮಕ್ಕಳಾದ ನಾವು ಮೊದಲು ನೋಡುತ್ತಿದ್ದದ್ದು ಅವರ ಕೈಚೀಲವನ್ನು. ದೊಡ್ಡ ಪೆಟ್ಟಿಗೆಯಲ್ಲಿ ಸೀರೆ, ಸೆಂಟು, ಟಾರ್ಚು ಏನೇ ಇರಲಿ, ಕೈಚೀಲದಲ್ಲಿ ಇರುತ್ತಿದ್ದದ್ದು ಕೋಳಿ. ಜಿದ್ದಾದ ಶರಫಿಯಾ ಬಡಾವಣೆಯ ರೂಮಿನಿಂದ ಹೊರಡುವ ಸಂಜೆ ಸಾಲಿನಲ್ಲಿ ನಿಂತು ಕಟ್ಟಿಸಿಕೊಂಡ ಕರಿದ ಕೋಳಿ, ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ. ಗರಿಗರಿ ಅಷ್ಟರಲ್ಲಿ ಎಲ್ಲಿ ಉಳಿಯಬೇಕು? ಮನೆಯವರು ಕಾವಲಿಯ ಮೇಲಿಟ್ಟು ಬಿಸಿ ಮಾಡಿ ಒಂದೊಂದು ಎಸಳು ಹಂಚುತ್ತಿದ್ದರು. ಆ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ. 'ಅಲ್ ಬೇಕ್' ಎಂಬ ಅಂಗಡಿಯ ಹೆಸರನ್ನು ನಾನು ಕೇಳಿದ್ದು ಹಾಗೆ.

ಬೇಕ್ ಎಂದರೆ ಆಟೊಮನ್ ಕಾಲದ ಗೌರವದ ಬಿರುದು, ನಮ್ಮಲ್ಲಿ ದೊರೆ, ಧಣಿ ಎಂದ ಹಾಗೆ. ಆದರೆ ಅಂಗಡಿ ಶುರುವಾದದ್ದು ಧಣಿಯ ಠೀವಿಯಲ್ಲಲ್ಲ. 1974ರಲ್ಲಿ ಶಕೂರ್ ಅಬು ಗಝಾಲಾ ಅವರು ಜಿದ್ದಾದ ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ ಇದನ್ನು ತೆರೆದರು. ಎರಡೇ ವರ್ಷಕ್ಕೆ, 1976ರಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಮಕ್ಕಳಾದ ಇಹ್ಸಾನ್ ಮತ್ತು ರಾಮಿ ಅಪ್ಪನ ಅಂಗಡಿಗೆ ನಿಂತರು. ಇಹ್ಸಾನ್ ಫ್ರಾನ್ಸಿಗೆ ಹೋಗಿ ಆಹಾರ ತಂತ್ರಜ್ಞಾನ ಕಲಿತು ಬಂದು ಮನೆತನದ್ದೇ ಒಂದು ಮಸಾಲೆ ಕೂಡಿಸಿದರು. ಅದರಲ್ಲಿ 18 ಬಗೆಯ ಸಾಂಬಾರ ಪದಾರ್ಥ, ಸೊಪ್ಪು ಇವೆಯೆಂಬ ಮಾತು ಜಿದ್ದಾದ ಬೀದಿಗಳಲ್ಲೆಲ್ಲ ಇದೆ.

ರುಚಿಯ ಅರ್ಧ ಗುಟ್ಟು ಮಾತ್ರ ಮಸಾಲೆಯದ್ದಲ್ಲ, ಪಾತ್ರೆಯದ್ದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್.ಎ.ಎಂ. ಫೆಲನ್ ಎಂಬವರು 1954ರಲ್ಲಿ ಮಾರುಕಟ್ಟೆಗೆ ತಂದ ಒತ್ತಡದ ಕಡಾಯಿ ಅದು, ಹೆಸರು ಬ್ರೋಸ್ಟರ್. ಕಾದ ಎಣ್ಣೆಗೆ ಕೋಳಿ ಬಿಟ್ಟು ಮುಚ್ಚಳ ಬಿಗಿದರೆ ಮಾಂಸದೊಳಗಿನ ನೀರು ಆವಿಯಾಗಿ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ನೀರು ಕುದಿಯುವ ಬಿಂದುವೂ ನೂರರಿಂದ ಸುಮಾರು 118 ಡಿಗ್ರಿಗೆ ಹೋಗುತ್ತದೆ. ಹಾಗಾಗಿ ನೀರು ಸುಲಭಕ್ಕೆ ಹೊರಗೆ ಹಾರಿ ಹೋಗದೆ ಮಾಂಸದಲ್ಲೇ ಉಳಿಯುತ್ತದೆ. ಮೂಳೆಯ ತನಕ ಬೇಗ ಬೇಯುತ್ತದೆ, ಎಣ್ಣೆ ಕಡಿಮೆ ಹೀರುತ್ತದೆ. ನಮ್ಮ ಕುಕ್ಕರಿನದೇ ತತ್ವ. ಆದರೆ ಮನೆಯ ಕುಕ್ಕರಿಗೆ ಎಣ್ಣೆ ತುಂಬಿ ಯಾರೂ ಇದನ್ನು ಪರೀಕ್ಷಿಸಬಾರದು, ಸಿಡಿದರೆ ಜೀವಕ್ಕೇ ಅಪಾಯ. ಭಟ್ಕಳ, ಮಂಗಳೂರಿನ ಹೋಟೆಲ್ ಬೋರ್ಡುಗಳಲ್ಲಿ ಈಗ ಕಾಣುವ 'ಬ್ರೋಸ್ಟೆಡ್ ಚಿಕನ್' ಎಂಬ ಮಾತು ಗಲ್ಫಿನಿಂದ ಬಂದವರ ನಾಲಗೆಯ ಮೇಲೆ ಊರು ಸೇರಿದ್ದು.

ಕಾಕನ ಬಾಯಲ್ಲಿ ಕೇಳಿದರೆ ಕೋಳಿಗಿಂತ ಸಾಲಿನ ಕಥೆಯೇ ದೊಡ್ಡದು. ಆಗೆಲ್ಲ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು. ಬಾಂಗ್ ಆದರೆ ಶಟರ್ ಕೆಳಗಿಳಿಯುತ್ತಿತ್ತು. ನಮಾಝ್ ಮುಗಿಯುವ ತನಕ ಯಾರೂ ಜಾಗ ಬಿಡುತ್ತಿರಲಿಲ್ಲ. "ಪಾಕಿಸ್ತಾನದವ, ಫಿಲಿಪ್ಪೀನಿನವ, ನಮ್ಮ ಮಲಪ್ಪುರದವ, ಸೌದಿಯವ ಎಲ್ಲ ಒಂದೇ ಲೈನು ಮಗಾ. ಅಲ್ಲಿ ಕಫೀಲನಿಗೂ ಟೋಕನ್ನೇ, ನನಗೂ ಟೋಕನ್ನೇ." ಕಫೀಲನೆಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿ. ಇಪ್ಪತ್ತೈದು ವರ್ಷ ಬೇರೆಯವರ ಕಾರು ಓಡಿಸಿದ ಮನುಷ್ಯ ಈ ಮಾತು ಹೇಳುವಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಸಣ್ಣ ಸಂಬಳದವರಿಗೂ ಕೈಗೆಟುಕುವ ಬೆಲೆ. ನಾಲ್ಕು ತುಂಡು, ಆಲೂಗಡ್ಡೆ, ಒಂದು ಬನ್ನು, ಪುಟ್ಟ ಡಬ್ಬಿಯಲ್ಲಿ ಬಿಳಿ ಬೆಳ್ಳುಳ್ಳಿ ಚಟ್ನಿ. ತಿಂಗಳ ಮೊದಲ ಶುಕ್ರವಾರ ರೂಮಿನ ಆರು ಜನ ನೆಲದ ಮೇಲೆ ಪೇಪರ್ ಹಾಸಿ ತಿನ್ನುತ್ತಿದ್ದರಂತೆ. ಚಟ್ನಿಗೆ ಮಾತ್ರ ಯಾವಾಗಲೂ ಜಗಳ.

ಇಷ್ಟು ಜನ ಬೇಡುವ ರುಚಿ ಬೇಗನೆ ಲೋಕವೆಲ್ಲ ಹರಡಬಹುದಿತ್ತು. ಹಾಗಾಗಲಿಲ್ಲ. ದಶಕಗಳ ಕಾಲ ಜಿದ್ದಾ, ಮಕ್ಕಾ, ಮದೀನಾಗಳ ಸೌದಿ ಪಶ್ಚಿಮವೇ ಅದರ ಸೀಮೆ. ರಾಜಧಾನಿ ರಿಯಾದಿನವರೂ ಜಿದ್ದಾಕ್ಕೆ ಬಂದವರ ಕೈಯಲ್ಲಿ ತರಿಸಿಕೊಳ್ಳುತ್ತಿದ್ದರು. ಆ ಸೀಮೆಯೊಳಗೇ, ಹಜ್ ದಿನಗಳಲ್ಲಿ ಮಕ್ಕಾ ಬಳಿಯ ಮಿನಾದಲ್ಲೂ ಅಂಗಡಿ ತೆರೆಯುತ್ತದೆ. 2023ರಲ್ಲಿ ಹಜ್‌ಗೆ ಬಂದವರೇ 18 ಲಕ್ಷಕ್ಕೂ ಹೆಚ್ಚು. ಕರ್ನಾಟಕದಿಂದ ಹೋದ ಹಾಜಿಗಳು ಝಮ್ ಝಮ್ ನೀರು, ಖರ್ಜೂರದ ಜೊತೆ ಈ ಕೋಳಿಯ ನೆನಪನ್ನೂ ತರುವುದು ಮಿನಾದ ಆ ಅಂಗಡಿಯ ಕಾರಣಕ್ಕೆ. ದೇಶದ ಗಡಿ ದಾಟಿದ್ದು ಬಹಳ ತಡವಾಗಿ, 2020ರ ಕೊನೆಗೆ ಬಹರೈನ್, 2021ರಲ್ಲಿ ದುಬೈ ಮಾಲ್. ಈ ನಿಧಾನವೇ ಅದರ ರುಚಿಯನ್ನು ಕಾಯ್ದಿತು ಎಂದು ನನಗೆ ಅನ್ನಿಸುತ್ತದೆ. ಅಡುಗೆಮನೆ ಕಣ್ಣಳತೆಯಲ್ಲಿ ಇರುವಷ್ಟು ಕಾಲ ಕೈರುಚಿ ತಪ್ಪುವುದಿಲ್ಲ.

ಕಾಕ ಈಗ ಮಂಡಿನೋವಿನಿಂದ ಮನೆ ಬಿಟ್ಟು ಹೋಗುವುದಿಲ್ಲ. ಕಳೆದ ತಿಂಗಳು ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ದುಬೈಯಲ್ಲಿರುವ ಮೊಮ್ಮಗ ವಿಡಿಯೋ ಕಾಲ್ ಮಾಡಿದ. ಎದುರಿಗೆ ಅದೇ ಕೋಳಿ. ಸಾಲು ಇರಲಿಲ್ಲ, ಫೋನಿನಲ್ಲೇ ತರಿಸಿದ್ದನಂತೆ. ಕಾಕ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಚಟ್ನಿ ಎಷ್ಟು ಕೊಟ್ಟಿದ್ದಾರೆ?" ಎಂದು ಕೇಳಿದರು.

"ಬೇಕಾದಷ್ಟು ಉಂಟು ಅಜ್ಜ, ನಾನೊಬ್ಬನೇ ಅಲ್ವಾ" ಎಂದ ಅವನು.