ಗಡ್ಡಕ್ಕೂ ಮೈಗೂ ಒಂದೇ ಮಷಿನ್ ಸಾಕೇ?

ಆಪರೇಷನ್‌ಗೆ ಮುಂಚೆ ರೋಗಿಯ ಮೈಕೂದಲನ್ನು ಬ್ಲೇಡಿನಿಂದ ಬೋಳಿಸುವುದು ಆಸ್ಪತ್ರೆಗಳಲ್ಲಿ ಬಹುಕಾಲ ನಡೆದುಬಂದ ರೂಢಿ. ನುಣ್ಣಗೆ ಬೋಳಿಸಿದರೆ ಚೊಕ್ಕಟ, ಚೊಕ್ಕಟವಾಗಿದ್ದರೆ ಸೋಂಕಿಲ್ಲ ಎಂಬ ನಂಬಿಕೆ ಅದರ ಹಿಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು ಇದಕ್ಕೆ ತೀರಾ ವಿರುದ್ಧ. ಸಾಧ್ಯವಾದಷ್ಟು ಕೂದಲನ್ನು ಮುಟ್ಟಲೇಬೇಡಿ. ತೆಗೆಯಲೇಬೇಕಾಗಿ ಬಂದರೆ ಕ್ಲಿಪ್ಪರ್‌ನಿಂದ ಮಾತ್ರ ಕತ್ತರಿಸಿ. ಬ್ಲೇಡು ಖಂಡಿತ ಬೇಡ. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಅಷ್ಟಿಷ್ಟು ಕೆರೆದುಬಿಡುತ್ತದೆ. ಕಣ್ಣಿಗೆ ಕಾಣದ ಆ ಗೀರುಗಳಲ್ಲಿ ಬ್ಯಾಕ್ಟೀರಿಯಾಗಳು ಸೇರಿಕೊಂಡು ಬೆಳೆಯುತ್ತವೆ. ಕ್ಲಿಪ್ಪರ್ ಕೂದಲನ್ನು ಕತ್ತರಿಸುವುದು ಚರ್ಮಕ್ಕಿಂತ ಒಂದಿಷ್ಟು ಮೇಲೆ.

ಗಡ್ಡಕ್ಕೆ, ಎದೆಗೆ, ಕಂಕುಳಿಗೆ, ಹೊಕ್ಕುಳಿನ ಕೆಳಗಿನ ಭಾಗಕ್ಕೆ ಎಲ್ಲದಕ್ಕೂ ಒದಗುವ ಒಂದು ಎಲೆಕ್ಟ್ರಿಕ್ ಮಷಿನ್ ಕೊಳ್ಳಲು ಹೊರಟವರು ಮೊದಲು ತಿಳಿದಿರಬೇಕಾದ ಸಂಗತಿ ಇದು. ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಕೇಳುವುದು ‘ಎಷ್ಟು ನೈಸಾಗಿ ಶೇವ್ ಆಗುತ್ತೆ?’ ಅಂತ. ಚರ್ಮದ ಕಡೆಯಿಂದ ಯೋಚಿಸಿದರೆ ಕೇಳಬೇಕಾದ ಪ್ರಶ್ನೆ ‘ಎಷ್ಟು ಕೂದಲು ಉಳಿಸುತ್ತೆ?’ ಎಂಬುದು. ಕೊನೆಯ ಆ ಅರ್ಧ ಮಿಲಿಮೀಟರಿನ ಆಸೆಯೇ ಗುಳ್ಳೆ, ಉರಿ, ತುರಿಕೆ, ಕಪ್ಪು ಕಲೆಗಳಿಗೆ ಬಹುಪಾಲು ಮೂಲ.

ಕೂದಲು ಮೇಲ್ನೋಟಕ್ಕೆ ಕಾಣುವಷ್ಟು ಬಡಪಾಯಿ ಅಲ್ಲ. ಗಡ್ಡದ ಒಂದು ಎಳೆಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕೆರಾಟಿನ್ ಎಂಬ ಪ್ರೋಟೀನಿನಿಂದ ಹೆಣೆದದ್ದು. ಬ್ಲೇಡಿನ ಉಕ್ಕು ಅದಕ್ಕಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೆಲವು ಶೇವ್‌ಗಳಲ್ಲೇ ಬ್ಲೇಡು ಮೊಂಡಾಗುವುದೇಕೆ? ಅಮೆರಿಕದ ಎಂಐಟಿಯಲ್ಲಿ ಜಾನ್‌ಲುಕಾ ರೊಶಿಯೋಲಿ ಎಂಬ ಸಂಶೋಧಕ ತಮ್ಮದೇ ಗಡ್ಡ ಹೆರೆದು, ಆ ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಅಂಚು ಸವೆದು ದುಂಡಗಾಗುವ ಬದಲು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಒಂದೊಂದು ಚಕ್ಕೆಯ ಗಾತ್ರ ಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಒಂದು ತುದಿ ಮಾತ್ರ ಚರ್ಮದಲ್ಲಿ ನೆಟ್ಟ ಕೂದಲು ಬ್ಲೇಡು ತಾಗಿದೊಡನೆ ಬಾಗುತ್ತದೆ. ಬಾಗಿದ ಕೂದಲು ಅಂಚನ್ನು ಓರೆಯಾಗಿ ಒತ್ತುತ್ತದೆ. ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಚಕ್ಕೆ ಹಾರುತ್ತದೆ. ಈ ಅಧ್ಯಯನ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಟ್ರಿಮ್ಮರ್ ಕೂದಲಿಗೆ ಹೀಗೆ ಬಾಗಲು ಅವಕಾಶ ಕೊಡುವುದಿಲ್ಲ. ಅದರ ಹೆಡ್‌ನಲ್ಲಿ ಹಲ್ಲುಗಳಿರುವ ಎರಡು ಪಟ್ಟಿಗಳಿವೆ. ಕೆಳಗಿನದು ಅಲುಗಾಡದು, ಚರ್ಮಕ್ಕೆ ತಾಗುವುದು ಅದು ಮಾತ್ರ. ಮೇಲಿನದು ಮೋಟಾರಿನ ಬಲದಿಂದ ಅತ್ತಿತ್ತ ಓಡಾಡುತ್ತದೆ. ಹಲ್ಲುಗಳ ಸಂದಿಗೆ ಸಿಕ್ಕ ಕೂದಲು ಎರಡು ಕಡೆಯಿಂದಲೂ ಇಕ್ಕಳಕ್ಕೆ ಸಿಕ್ಕಿದಂತಾಗಿ ಕತ್ತರಿಸಿಹೋಗುತ್ತದೆ. ಚರ್ಮಕ್ಕೂ ಹರಿತವಾದ ಅಂಚಿಗೂ ನಡುವೆ ಕೆಳಪಟ್ಟಿಯ ದಪ್ಪದಷ್ಟು ಅಂತರ ಸದಾ ಇರುತ್ತದೆ. ಕೆಳಪಟ್ಟಿ ಎಷ್ಟು ದಪ್ಪವೋ ಸುಮಾರು ಅಷ್ಟು ಕೂದಲು ಉಳಿಯುತ್ತದೆ. ಇಲಿನಾಯ್‌ನ ಲಿಯೋ ವಾಲ್ 1919ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಕ್ಲಿಪ್ಪರಿನಿಂದ ಹಿಡಿದು ಇಂದು ಕ್ಷೌರದಂಗಡಿಯಲ್ಲಿ ‘ಮಷಿನ್ ಹಾಕ್ಲಾ ಸಾರ್?’ ಎಂದು ಕೇಳುವವರ ಕೈಯಲ್ಲಿರುವುದರವರೆಗೆ ತತ್ವ ಇದೇ.

ಶೇವರ್ ಬೇರೆ ಜಾತಿಯದು. ಜಾಲರಿಯ ಶೇವರಿನಲ್ಲಿ ಕೂದಲಿಗಿಂತಲೂ ತೆಳ್ಳಗಿರುವ, ತೂತು ತೂತಾದ ಲೋಹದ ಹಾಳೆ ಚರ್ಮದ ಮೇಲೆ ಸರಿಯುತ್ತದೆ. ತೂತಿನಲ್ಲಿ ಇಣುಕಿದ ಕೂದಲನ್ನು ಒಳಗಿನ ಬ್ಲೇಡು ಕತ್ತರಿಸುತ್ತದೆ. ಹಾಳೆ ಅಷ್ಟು ತೆಳುವಾದ್ದರಿಂದ ಉಳಿಯುವ ಕೂದಲೂ ಅತ್ಯಲ್ಪ. ಜೇಕಬ್ ಶಿಕ್ 1931ರಲ್ಲಿ ಮೊದಲ ಒಣ ಶೇವರ್ ಮಾರಿದರು, 1939ರಲ್ಲಿ ಫಿಲಿಪ್ಸ್ ಕಂಪನಿಯ ಅಲೆಕ್ಸಾಂಡರ್ ಹೊರೊವಿಟ್ಜ್ ಗುಂಡಗೆ ತಿರುಗುವ ಹೆಡ್ ತಂದರು, ಜರ್ಮನಿಯ ಬ್ರೌನ್ 1950ರಲ್ಲಿ ಜಾಲರಿಯ ಶೇವರ್ ತಂದಿತು. ಇವೆಲ್ಲ ಮುಖಕ್ಕೆಂದೇ ಹುಟ್ಟಿದವು. ಒಂದೆರಡು ದಿನದ ಕೂದಲಿಗೆ ಸೊಗಸಾಗಿ ಕೆಲಸ ಮಾಡುತ್ತವೆ. ವಾರ ಬಿಟ್ಟ ಗಡ್ಡ ಆ ತೂತುಗಳಿಗೆ ನುಗ್ಗುವುದಿಲ್ಲ, ಎಳೆದು ನೋಯಿಸುತ್ತದೆ.

ಇವೆರಡರ ನಡುವೆ ನಿಲ್ಲುವ ಮೂರನೆಯ ಬಗೆ 2016ರ ಸುಮಾರಿಗೆ ಫಿಲಿಪ್ಸ್ ಒನ್‌ಬ್ಲೇಡ್‌ನಿಂದ ಜನಪ್ರಿಯವಾಯಿತು. ಹಲ್ಲುಗಳ ತುದಿ ದುಂಡಗೆ, ಕೆಳಪಟ್ಟಿ ಬಹಳ ತೆಳು. ಬ್ಲೇಡಿನಷ್ಟು ನುಣುಪು ಇದರಿಂದ ಬರದು. ಮುಟ್ಟಿದರೆ ಸಣ್ಣಗೆ ತರಿ ಸಿಗುತ್ತದೆ. ಮುಖ, ಮೈ ಎರಡಕ್ಕೂ ಒಂದೇ ಮಷಿನ್ ಬೇಕೆನ್ನುವವರಿಗೆ ಆ ತರಿಯೇ ಇದರ ಗುಣ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದ ಕೂದಲಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಚರ್ಮವನ್ನು ಬಿಗಿಯಾಗಿ ಎಳೆದು, ಒತ್ತಿ ಹೆರೆದಾಗ ಕೂದಲಿನ ತುಂಡಾದ ತುದಿ ರೋಮಕೂಪದೊಳಕ್ಕೆ ಜಾರುತ್ತದೆ. ಗುಂಗುರಾದ ಅಥವಾ ಓರೆಯಾಗಿ ಬೆಳೆಯುವ ಕೂದಲಾದರೆ ಮತ್ತೆ ಬೆಳೆಯುವಾಗ ದಾರಿ ತಪ್ಪಿ ರೋಮಕೂಪದ ಗೋಡೆಗೇ ಚುಚ್ಚಿಕೊಳ್ಳುತ್ತದೆ. ಇನ್ನು ಕೆಲವು ಹೊರಬಂದು, ಸುರುಳಿ ಸುತ್ತಿ, ಪಕ್ಕದ ಚರ್ಮವನ್ನೇ ತೂರುತ್ತವೆ. ದೇಹಕ್ಕೆ ಅದು ಹೊರಗಿನ ವಸ್ತು. ಅದರ ಮೇಲೆ ದಾಳಿ ಶುರುವಾಗಿ ಕೆಂಪು ಗುಳ್ಳೆ, ಕೀವು, ಕೊನೆಗೆ ಕಪ್ಪು ಕಲೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗದ್ದದ ಕೆಳಗೆ, ಕುತ್ತಿಗೆಯಲ್ಲಿ, ತೊಡೆಸಂದಿಯಲ್ಲಿ ಇದು ಹೆಚ್ಚು. ಇಂಥವರಿಗೆ ಚರ್ಮವೈದ್ಯರು ಹೇಳುವುದು ನುಣ್ಣಗೆ ಹೆರೆಯುವುದನ್ನು ನಿಲ್ಲಿಸಿ, ಒಂದು ಮಿಲಿಮೀಟರ್‌ನಷ್ಟು ಉಳಿಸಿ ಟ್ರಿಮ್ ಮಾಡಿ ಎಂದು. ಗಡ್ಡ ದಿನಕ್ಕೆ ಬೆಳೆಯುವುದು ಸುಮಾರು 0.3ರಿಂದ 0.4 ಮಿಲಿಮೀಟರ್. ಅಂದರೆ ಅರ್ಧ ಮಿಲಿಮೀಟರ್ ಬಿಟ್ಟುಕೊಟ್ಟವರು ಕಳೆದುಕೊಳ್ಳುವುದು ಒಂದೂವರೆ ದಿನದ ನುಣುಪನ್ನು, ಅಷ್ಟೇ.

ಎದೆ, ಹೊಟ್ಟೆಯ ಕೂದಲನ್ನು ಎಷ್ಟು ಉದ್ದ ಬಿಡಬೇಕು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಒಳ್ಳೆಯ ಉತ್ತರವಿದೆ. ನೆಟ್ಟಗೆ ನಿಂತ ಕಂಬವನ್ನು ಮೇಲಿನಿಂದ ಒತ್ತಿದರೆ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಲೆಕ್ಕ ಹಾಕಿದರು. ಉದ್ದ ಮೂರು ಪಟ್ಟಾದರೆ ಬಾಗಿಸಲು ಬೇಕಾದ ಬಲ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೂದಲಿಗೂ ಇದೇ ನಿಯಮ. ಒಂದು ಮಿಲಿಮೀಟರ್‌ನ ಕೂದಲು ಬಾಗದೆ ಅಂಗಿಗೆ ಚುಚ್ಚುತ್ತದೆ, ಪಕ್ಕದ ಚರ್ಮಕ್ಕೂ ಚುಚ್ಚುತ್ತದೆ. ಮೂರು ಮಿಲಿಮೀಟರ್‌ನದು ಸುಲಭವಾಗಿ ಬಾಗಿ ಮಲಗುತ್ತದೆ. ಮೈಗೆ, ಹೆಡ್ಡಿನ ಮೇಲೆ ಮೂರರಿಂದ ಐದು ಮಿಲಿಮೀಟರ್‌ನ ಬಾಚಣಿಗೆ ಸಿಕ್ಕಿಸಿ ಕತ್ತರಿಸಿದರೆ ಚೊಕ್ಕಟವೂ ಹೌದು, ಚುಚ್ಚುವ ಕಾಟವೂ ಇಲ್ಲ. ಬೋಳಿಸಿದರೆ ಕೂದಲು ದಪ್ಪವಾಗಿ ಬೆಳೆಯುತ್ತದೆ ಎಂಬ ಮಾತು ಮಾತ್ರ ಸುಳ್ಳು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ 1928ರಲ್ಲೇ ಅಳೆದು ನೋಡಿ ಇದನ್ನು ತೋರಿಸಿದ್ದಾರೆ. ತಾನಾಗಿ ಬೆಳೆದ ಕೂದಲಿನ ತುದಿ ಚೂಪು, ಕತ್ತರಿಸಿದ್ದರ ತುದಿ ಮೊಂಡು. ಆ ಮೊಂಡುತನವೇ ಕೈಗೆ ದಪ್ಪ ಅನಿಸುವುದು.

ಗದ್ದದ ಚರ್ಮ ಮೂಳೆಯ ಮೇಲೆ ಬಿಗಿಯಾಗಿ ಕೂತಿದೆ. ವೃಷಣಚೀಲದ ಚರ್ಮ ತೆಳ್ಳಗೆ, ಸಡಿಲವಾಗಿ, ನೆರಿಗೆ ನೆರಿಗೆಯಾಗಿದೆ. ಹಲ್ಲುಗಳ ಸಂದಿ ಅಗಲವಾಗಿದ್ದರೆ ಕೂದಲಿನ ಜೊತೆ ಒಂದು ನೆರಿಗೆಯೂ ಒಳಗೆ ಸಿಗುತ್ತದೆ. ಮುಖಕ್ಕೆ ಮಾಡಿದ ಜಾಲರಿಯ ಶೇವರನ್ನು ಅಲ್ಲಿ ಒತ್ತಿ ಆಡಿಸುವುದು ಕೂಡ ಅಪಾಯ. ಕೊಳ್ಳುವಾಗ ಹೆಡ್ಡನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲುಗಳು ಒತ್ತೊತ್ತಾಗಿರಬೇಕು. ಮಷಿನ್ ಆಫ್ ಮಾಡಿ ಕೆಳಪಟ್ಟಿಯ ತುದಿಗಳ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಸವರಿ. ದುಂಡಗೆ ಅನಿಸಬೇಕು, ಎಲ್ಲೂ ಗೀರಬಾರದು. ಮೇಲಿನ ಪಟ್ಟಿ ಕೆಳಗಿನದಕ್ಕಿಂತ ಕೂದಲೆಳೆಯಷ್ಟಾದರೂ ಹಿಂದಿರಬೇಕು. ಎರಡರ ಅಂಚೂ ಸಮನಾಗಿದ್ದರೆ ನೆತ್ತಿಯ ಮೇಲೆ ‘ಝೀರೊ’ ಹೊಡೆಯಲು ಸರಿ, ತೊಡೆಸಂದಿಗೆ ಬೇಡ. ಇನ್ನು ಬಾಚಣಿಗೆ. ಅದನ್ನು ಹಾಕಿ ಬೆರಳಿನಿಂದ ಒತ್ತಿ ನೋಡಿ. ಬಳುಕಿದರೆ ಗಡ್ಡ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಆಗುವುದು ಖಚಿತ. ಗಡ್ಡ ಬಿಡುವವರಿಗೆ ಅರ್ಧರ್ಧ ಮಿಲಿಮೀಟರ್‌ಗೆ ಹೊಂದಿಸುವ ಸೌಲಭ್ಯವಿದ್ದರೆ ಒಳ್ಳೆಯದು, ಮೈಗೆ ಅಷ್ಟು ಸೂಕ್ಷ್ಮ ಬೇಕಿಲ್ಲ.

ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾಳಾಗದು ಎಂದರ್ಥ. ಐಪಿಎಕ್ಸ್5 ಆದರೆ ನಲ್ಲಿಯ ಕೆಳಗೆ ತೊಳೆಯಬಹುದು, ಮುಳುಗಿಸುವಂತಿಲ್ಲ. ಮೈಗೆ ಬಳಸುವ ಮಷಿನ್ ತೊಳೆಯಲು ಬಾರದಿದ್ದರೆ ಅದನ್ನು ಕೊಳ್ಳಲೇಬೇಡಿ. ನೀರಿನಲ್ಲಿ ಬಳಸುವಂಥ ಮಷಿನ್‌ಗಳಲ್ಲಿ ಹಲವು ಚಾರ್ಜಿಗೆ ಹಾಕಿದಾಗ ಓಡುವುದಿಲ್ಲ. ಅದು ಕೊರತೆಯಲ್ಲ, ಬಚ್ಚಲಿನಲ್ಲಿ ಶಾಕ್ ಹೊಡೆಯದಿರಲೆಂದು ಬೇಕೆಂದೇ ಮಾಡಿದ ವ್ಯವಸ್ಥೆ. ಬ್ಯಾಟರಿ ಲಿಥಿಯಂ ಅಯಾನ್ ಇರಲಿ. ಚಾರ್ಜ್ ಮುಗಿಯುತ್ತಾ ಬಂದು ಮೋಟಾರು ನಿಧಾನವಾದರೆ ಕೂದಲು ಕತ್ತರಿಸುವ ಬದಲು ಸಿಕ್ಕಿಕೊಂಡು ಎಳೆಯುತ್ತದೆ. ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ಕೊನೆಯವರೆಗೂ ವೋಲ್ಟೇಜ್ ಕಾಯ್ದುಕೊಳ್ಳುತ್ತದೆ. ಕೆಟ್ಟ ಮೇಲೆ ಅದನ್ನು ಕಸದ ಗಾಡಿಗೆ ಹಾಕಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ಗಡ್ಡ ಒಣಗಿದ್ದಾಗಲೇ ಬಾಚಣಿಗೆ ಹಾಕಿ ಟ್ರಿಮ್ ಮಾಡಿ. ನೀರು ಹೀರಿದ ಕೂದಲು ಮೆತ್ತಗಾಗಿ, ಜೋಲುಬಿದ್ದು ಉದ್ದ ಕಾಣುತ್ತದೆ. ಕತ್ತರಿಸಿ ಒಣಗಿದ ಮೇಲೆ ನೋಡಿದರೆ ಎಣಿಸಿದ್ದಕ್ಕಿಂತ ಗಿಡ್ಡ. ಹೆಡ್ಡಿಗೆ ಎಣ್ಣೆ ಬೇಕೆಂದು ಕೈಪಿಡಿಯಲ್ಲಿದ್ದರೆ ತೊಳೆದು ಒಣಗಿಸಿದ ಮೇಲೆ ಹಲ್ಲಿಗೆ ಒಂದು ತೊಟ್ಟು ಬಿಟ್ಟು ಕೆಲವು ಸೆಕೆಂಡು ಓಡಿಸಿ. ಲೋಹಕ್ಕೆ ಲೋಹ ಉಜ್ಜಿ ಬಿಸಿಯಾಗುವುದು ಕಡಿಮೆಯಾಗುತ್ತದೆ.

ಒಂದೇ ಮಷಿನ್ ಸಾಕೇ ಎಂದರೆ, ಸಾಕು. ಒಂದೇ ಹೆಡ್ ಸಾಲದು. ಹೆಡ್ ಬಿಚ್ಚಿ ಬೇರೆ ಹಾಕಲು ಬರುವ ಮಷಿನ್ ಕೊಳ್ಳಿ, ಇನ್ನೊಂದು ಹೆಡ್‌ನ ಬೆಲೆಯನ್ನು ಅಂಗಡಿಯಲ್ಲೇ ಕೇಳಿಕೊಳ್ಳಿ. ಮುಖಕ್ಕೊಂದು, ಸೊಂಟದ ಕೆಳಗಿನದಕ್ಕೊಂದು. ಸಂಕೋಚದಿಂದಲೋ ಏನೋ, ಮಾರುವವರು ಇದನ್ನು ಹೇಳುವುದು ಕಡಿಮೆ. ಬೆವರು, ಬಿಸಿ, ಉಜ್ಜಾಟ ಇರುವ ತೊಡೆಸಂದಿ ಶಿಲೀಂಧ್ರಗಳಿಗೆ ಹೇಳಿ ಮಾಡಿಸಿದ ಜಾಗ. ಹುಳುಕಡ್ಡಿ ಅಲ್ಲಿ ಶುರುವಾಗುವುದು ಸಾಮಾನ್ಯ. ಅದೇ ಶಿಲೀಂಧ್ರ ಹೆಡ್‌ನ ಸಂದಿಯಲ್ಲಿ ಉಳಿದ ಕೂದಲು, ಚರ್ಮದ ಹೊಟ್ಟಿನ ಜೊತೆ ಗಡ್ಡಕ್ಕೆ ದಾಟಬಲ್ಲದು. ಭಾರತದಲ್ಲಿ ಈಚಿನ ವರ್ಷಗಳಲ್ಲಿ ಹುಳುಕಡ್ಡಿ ಮೊಂಡುಬಿದ್ದಿದೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರು ಪಡೆದ ಶಿಲೀಂಧ್ರವಂತೂ ಟರ್ಬಿನಾಫಿನ್ ಎಂಬ ಮಾಮೂಲಿ ಔಷಧಕ್ಕೆ ಹಲವರಲ್ಲಿ ಬಗ್ಗುತ್ತಿಲ್ಲ. ಹೆಡ್ಡನ್ನು ಮನೆಯ ಇನ್ನೊಬ್ಬರಿಗೂ ಕೊಡಬೇಡಿ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು, ಅದು ಹರಡಲು ರಕ್ತದ ಒಂದು ಸಣ್ಣ ಕಲೆ ಸಾಕು.

ತೊಡೆಸಂದಿಯಲ್ಲಿ ಅಥವಾ ಗಡ್ಡದಲ್ಲಿ ಉಂಗುರದಂತೆ ಹರಡುವ, ಅಂಚು ಕೆಂಪಾಗಿ ತುರಿಸುವ ಗುರುತು ಕಂಡರೆ ಅಲ್ಲಿ ಮಷಿನ್ ಆಡಿಸುವುದನ್ನು ಅವತ್ತೇ ನಿಲ್ಲಿಸಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ನಿಂತಂತೆ ಕಂಡರೂ ಒಳಗೆ ಸೋಂಕು ಹಬ್ಬುತ್ತದೆ. ಚರ್ಮವೈದ್ಯರ ಬಳಿ ಹೋಗಿ, ಅವರು ಹೇಳಿದಷ್ಟು ದಿನವೂ ಔಷಧ ತೆಗೆದುಕೊಳ್ಳಿ. ಪೂರ್ತಿ ವಾಸಿಯಾದ ಮೇಲೆ ಆ ಹಳೆಯ ಹೆಡ್ ಬಿಸಾಡಿ, ಹೊಸದು ಹಾಕಿಕೊಳ್ಳಿ.