ನೀರು ಬರಲ್ಲ ಅನ್ನಬಹುದು, ಯಾಕೆ ಅನ್ನುವ ಹಾಗಿಲ್ಲ

ಮೈಸೂರು ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದಾಗ ನಾನು ಪದೇ ಪದೇ ಓದುತ್ತಿದ್ದದ್ದು ನೀರಿನ ಪ್ರಕಟಣೆ. ಹೊಂಗಳ್ಳಿಯಲ್ಲೋ ಬಿದರಗೋಡಿನಲ್ಲೋ ದುರಸ್ತಿ ಕೆಲಸ, ನಾಳೆ ಇಂಥಿಂಥ ಬಡಾವಣೆಗಳಿಗೆ ನೀರಿಲ್ಲ, ನಾಗರಿಕರು ಸಹಕರಿಸಬೇಕು. ಪಟ್ಟಿಯಲ್ಲಿ ಅಶೋಕಪುರಂ ಬಂದರೆ ಸ್ವಲ್ಪ ನಿಧಾನವಾಗಿ, ಬಿಡಿಸಿ ಓದುತ್ತಿದ್ದೆ. ನಮ್ಮ ಮನೆ ಇರುವುದು ಅಲ್ಲೇ. ಅಮ್ಮ ಅಡುಗೆಮನೆಯಲ್ಲಿ 100.6 ಹಾಕಿಕೊಂಡಿರುತ್ತಿದ್ದರು. ಕೇಳಿದ ತಕ್ಷಣ ಕೊಡ, ಡ್ರಮ್ಮು ತುಂಬಿಸಿಟ್ಟು ಗೋಡೆಯಾಚೆಯವರಿಗೂ ಕೂಗಿ ಹೇಳುತ್ತಿದ್ದರು. ಬೀದಿಗೆಲ್ಲ ಸುದ್ದಿ ಮುಟ್ಟುವುದಕ್ಕೆ ಅಷ್ಟು ಸಾಕಿತ್ತು.

ಆದರೆ ಸರ್ಕಾರದ ನಿಯಮದ ಪ್ರಕಾರ ಇದು ಸುದ್ದಿಯೇ ಅಲ್ಲ. ನಮ್ಮ ದೇಶದಲ್ಲಿ ರೇಡಿಯೋದಲ್ಲಿ ಸ್ವಂತ ವಾರ್ತೆ ಬಿತ್ತರಿಸುವ ಅಧಿಕಾರ ಇರುವುದು ಆಕಾಶವಾಣಿಗೆ ಮಾತ್ರ. ಖಾಸಗಿ ಎಫ್‌ಎಂನವರು ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೆ. ಹವಾಮಾನ, ಸಂಚಾರ, ಪರೀಕ್ಷೆ, ಹಬ್ಬ, ಆಟೋಟ, ಸ್ಥಳೀಯ ಆಡಳಿತ ಕೊಡುವ ನೀರು-ಕರೆಂಟಿನ ಪ್ರಕಟಣೆ, ಇವನ್ನೆಲ್ಲ 'ಸುದ್ದಿಯಲ್ಲದ್ದು' ಎಂದು ವಿಂಗಡಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅಂದರೆ ನಾಳೆ ನೀರು ಬರಲ್ಲ ಅನ್ನಬಹುದು. ಒಂದೇ ಬೀದಿಗೆ ಮೇಲಿಂದ ಮೇಲೆ ಯಾಕೆ ಬರಲ್ಲ, ದುರಸ್ತಿಗೆ ಇಟ್ಟ ದುಡ್ಡು ಎಲ್ಲಿ ಹೋಯಿತು ಎಂದು ವಿಚಾರಿಸಿ ವರದಿ ಮಾಡಿದರೆ ಅದು ಸುದ್ದಿ, ಕೂಡದು. ಈ ಗೆರೆ ತಪ್ಪು ಜಾಗದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪತ್ರಿಕೆಗೂ ಟಿವಿಗೂ ಇಲ್ಲದ ಕಟ್ಟು ರೇಡಿಯೋಗೆ ಮಾತ್ರ ಯಾಕೆ? ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಯಾಗಿದೆ.

ಈ ಮಾತನ್ನು ಮೈಸೂರಿನವರು ಇನ್ನಷ್ಟು ಗಟ್ಟಿಯಾಗಿ ಕೇಳಬೇಕು. 1935ರಲ್ಲಿ ಇಲ್ಲಿ ರೇಡಿಯೋ ಶುರು ಮಾಡಿದ್ದು ಸರ್ಕಾರವಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಸ್ವಂತ ಖರ್ಚಿನಲ್ಲಿ ಪ್ರಸಾರ ಆರಂಭಿಸಿದರು. ಇವತ್ತು ಇಡೀ ದೇಶದ ಬಾನುಲಿಗೆ ಇರುವ 'ಆಕಾಶವಾಣಿ' ಎಂಬ ಹೆಸರು ಆ ಮನೆಯದು. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ, ಯಾದವಗಿರಿಗೆ.

ಯಾದವಗಿರಿ ಊರಿನ ಉತ್ತರಕ್ಕೆ, ನಮ್ಮ ಅಶೋಕಪುರಂ ದಕ್ಷಿಣಕ್ಕೆ. ಹಿಂದೆ ಆದಿಕರ್ನಾಟಕಪುರ ಎನ್ನುತ್ತಿದ್ದ ದಲಿತರ ದೊಡ್ಡ ಬಡಾವಣೆ ಇದು. ರೈಲ್ವೆ ವರ್ಕ್‌ಶಾಪಿನ ದುಡಿಮೆಯಲ್ಲಿ ಮಕ್ಕಳನ್ನು ಓದಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ, ನಮ್ಮದೂ ಅದರಲ್ಲೊಂದು. ಏಪ್ರಿಲ್ 14ರಂದು ಅಂಬೇಡ್ಕರ್ ಪಾರ್ಕಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಆ ಸಂಭ್ರಮವನ್ನು ಯಾವ ಎಫ್‌ಎಂ ಬೇಕಾದರೂ ಬಿತ್ತರಿಸಬಹುದು, ಅದು ಹಬ್ಬದ ಲೆಕ್ಕ. ಅದೇ ವೇದಿಕೆಯಲ್ಲಿ ಯಾರಾದರೂ ಹಕ್ಕುಪತ್ರದ ವಿಷಯ ಎತ್ತಿದರೆ ಆ ಭಾಗ ಕತ್ತರಿಗೆ ಹೋಗಬೇಕು. ಬಾಬಾಸಾಹೇಬರು ತಮ್ಮ ಜೀವನದರ್ಶನವನ್ನು ದೇಶಕ್ಕೆ ತಿಳಿಸಲು 1954ರ ಅಕ್ಟೋಬರ್ 3ರಂದು ಆರಿಸಿಕೊಂಡದ್ದು ಆಕಾಶವಾಣಿಯನ್ನೇ. ಸ್ವಾತಂತ್ರ್ಯ, ಸಮಾನತೆ, ಸಹೋದರತೆಯನ್ನು ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಅವರು ಹೇಳಿದ್ದು ಆ ಭಾಷಣದಲ್ಲಿ. ಆ ಮಾತನ್ನು ನೆಚ್ಚಿಕೊಂಡ ಕೇರಿಯ ದನಿ ರೇಡಿಯೋದಲ್ಲಿ ಹಬ್ಬದ ದಿನ ಮಾತ್ರ ಕೇಳಿದರೆ ನನಗೆ ಸಮಾಧಾನವಿಲ್ಲ.

ಹಾಗಾದರೆ ಸುದ್ದಿ ಹೇಳಬಲ್ಲ ಆಕಾಶವಾಣಿ ಏನು ಮಾಡುತ್ತಿದೆ? ಜಿಲ್ಲೆಗಳಲ್ಲಿ ಅದಕ್ಕೆ ಅರೆಕಾಲಿಕ ವರದಿಗಾರರಿದ್ದಾರೆ. ಅವರು ಕಳಿಸಿದ್ದು ಪ್ರದೇಶ ಸಮಾಚಾರದೊಳಗೆ ಸೇರಬೇಕು. ಹತ್ತು ನಿಮಿಷದಲ್ಲಿ ಇಡೀ ರಾಜ್ಯ ಮುಗಿಯಬೇಕಾದಾಗ ಒಂದು ವಾರ್ಡಿನ ಚರಂಡಿಗೆ ಎಲ್ಲಿ ಜಾಗ? ಆ ಕೊರತೆಯನ್ನು ಒಂದಿಷ್ಟಾದರೂ ತುಂಬುವುದು ಫೋನ್-ಇನ್. ಒಮ್ಮೆ ಅಧಿಕಾರಿಯೊಬ್ಬರು ಸ್ಟುಡಿಯೋದಲ್ಲಿ ಕೂತಿದ್ದರು. "ಶೀಘ್ರದಲ್ಲೇ ಕ್ರಮ ಕೈಗೊಳ್ಳುತ್ತೇವೆ" ಅಂದರು. ಕರೆ ಮಾಡಿದ ಹೆಂಗಸು ಬಿಡಲಿಲ್ಲ. "ಶೀಘ್ರ ಅಂದ್ರೆ ಯಾವತ್ತು ಸಾರ್? ತಾರೀಖು ಹೇಳ್ಬಿಡಿ, ಎಲ್ರೂ ಕೇಳ್ತಾವ್ರೆ." ಕೆಂಪು ದೀಪ ಉರಿಯುತ್ತಿತ್ತು. ಅವರು ಮುಂದಿದ್ದ ಕಾಗದ ತಿರುಗಿಸಿದರು, ನನ್ನ ಮುಖ ನೋಡಿದರು, ಕೊನೆಗೆ ತಾರೀಖು ಹೇಳಿದರು. ಕಚೇರಿಯಲ್ಲಿ ಕೊಟ್ಟ ಅರ್ಜಿ ಫೈಲು ಸೇರುತ್ತದೆ. ಇಲ್ಲಿ ಊರೆಲ್ಲ ಸಾಕ್ಷಿ.

ಬ್ರಿಟನ್ನಿನಲ್ಲಿ ಬಿಬಿಸಿ 1967ರಲ್ಲಿ ಲೆಸ್ಟರ್ ಪಟ್ಟಣದಿಂದ ಸ್ಥಳೀಯ ರೇಡಿಯೋ ಆರಂಭಿಸಿತು. ಈಚೆಗೆ ಪರವಾನಗಿ ಶುಲ್ಕದ ಹಣದಿಂದಲೇ ವರದಿಗಾರರ ಸಂಬಳ ಕೊಟ್ಟು ಪುರಸಭೆಗಳ ಕಲಾಪಕ್ಕೆ ಕೂರಿಸುತ್ತಿದೆ. ನಮ್ಮಲ್ಲಿ ಇಂಥ ಶಕ್ತಿ ಇದೆಯೇ ಎಂದು ಯಾರೂ ಸಂಶಯಪಡಬೇಕಿಲ್ಲ. ಸಮುದಾಯಕ್ಕೆ ರೇಡಿಯೋ ಪರವಾನಗಿಯೇ ಇಲ್ಲದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕೇಬಲ್ ಎಳೆದು ಮನೆಮನೆಗೆ 'ನಮ್ಮ ಧ್ವನಿ' ಕೇಳಿಸಿದರು. ನಮ್ಮ ಜಿಲ್ಲೆಯದೇ ಸರಗೂರಿನ 'ಜನಧ್ವನಿ' ಕಾಡಂಚಿನ ಹಾಡಿಗಳ ಜನರನ್ನೇ ಮೈಕಿನ ಮುಂದೆ ಕೂರಿಸಿದೆ.

ಮೈಸೂರು ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಬಂದಾಗ, ಬೆಳಿಗ್ಗೆ ಹೋಗಿ ಬಾಗಿಲು ತಟ್ಟಲು ಕಾರ್ಪೊರೇಟರ್ ಇಲ್ಲದಂತಾಯಿತು. ಅಂಥ ಹೊತ್ತಿನಲ್ಲಂತೂ ಯಾದವಗಿರಿ ನಿಲಯ ವಾರಕ್ಕೆ ಅರ್ಧ ಗಂಟೆ ಊರಿಗೇ ಮೀಸಲಿಡಬೇಕು. ಒಬ್ಬ ವರದಿಗಾರ್ತಿ, ಒಂದು ರೆಕಾರ್ಡರ್ ಸಾಕು. ಪಾಲಿಕೆಯಲ್ಲಿ ಏನು ತೀರ್ಮಾನವಾಯಿತು, ಯಾವ ಕೆಲಸಕ್ಕೆ ಎಷ್ಟು ಹಣ, ಕಳೆದ ವಾರ ಹೇಳಿದ ತಾರೀಖಿಗೆ ಕೆಲಸ ಆಯಿತೇ ಇಲ್ಲವೇ. ಆಗಿಲ್ಲದಿದ್ದರೆ ಅದೇ ಅಧಿಕಾರಿಗೆ ಮತ್ತೆ ಫೋನ್ ಹಾಕಿ, ಪ್ರಸಾರದಲ್ಲೇ ಕೇಳಬೇಕು.